ದಾಳದ್ದಲ್ಲ, ‘ನಾಲ್ವರೂ ಗೆಲ್ಲಬೇಕು’ ಅನ್ನೋದ ಕೆಡಸೂದು

ದಾಳ ಸರಿ ಐತಿ ಬಿಡ್ರಿ, ಒಂದು ಕಡೆ ಭಾರ ಐತೇನು ಅಂತ ಉಪ್ಪುನೀರಾಗ ತೇಲಿಸಿ ನೋಡೋದೇನೂ ಬ್ಯಾಡ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ದಾಳ ಹಾಕಿ ಕಥಿ ನಡಸೋ ಆಟ) ಆಡುವಾಗ ನಿಮ್ಮ ಲಕ್ಕುಂಡಿ ಕಥಿಯೊಳಗ ನಾಲ್ಕೂ ಮಂದಿಗೆ ದಾಳದ ಅಂಕಿಗೆ ಕೂಡಿಸಾಕ +5 ಇದ್ರೂ ಕಾವಲುಗಾರರ ಕಣ್ಣು ತಪ್ಪಿಸೋದು ಯಾವಾಗ್ಲೂ ಯಾಕ ಕೆಡತೈತಿ ಅಂತ ಕೇಳೀರಿ. ಗುರಿ 15 ಇದ್ದಾಗ ಡಿ20ರಾಗ (20 ಮುಖದ ದಾಳದಾಗ) 10 ಇಲ್ಲಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದ್ರ ಶೇ. 55. ಒಬ್ಬರಿಗೆ ಚಲೋನ ಐತಿ. ಆದ್ರ ನಾಲ್ವರೂ ಗೆಲ್ಲಬೇಕಂದ್ರ 0.55ನ್ನ ನಾಲ್ಕು ಸಲ ಗುಣಿಸ್ರಿ: ಶೇ. 9 ಉಳೀತೈತಿ! ಎಲ್ಲಾರಿಗೂ ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡ ಅಂಕಿ ತಗೊಳ್ಳೋದು) ಕೊಟ್ರೂ ಶೇ. 40ರ ಆಸುಪಾಸ ನಿಲ್ತೈತಿ.

ಗುಂಪಿನ ಚೆಕ್ (ಎಲ್ಲಾರೂ ದಾಳ ಹಾಕಿ ಕೂಡಿ ಗೆದ್ರೋ ಸೋತ್ರೋ ನೋಡೋದು) ಮಾಡ್ರಿ. ಅರ್ಧ ಮಂದಿ ಗೆದ್ರ ಎಲ್ಲಾರೂ ದಾಟಿದಂಗ. ಡಿ ಅಂಡ್ ಡಿ ಐದನೇ ಆವೃತ್ತಿಯೊಳಗ ಈ ನಿಯಮ ಐತಿ. ನಾಲ್ವರಾಗ ಇಬ್ಬರು ಸಾಕು ಅಂದ್ರ ಶೇ. 76.

ಗುಪ್ತ ಬಾಗಿಲಾ ಹುಡುಕುವಾಗ ಇದರ ಉಲ್ಟಾ. ನಾಲ್ವರೂ ದಾಳ ಹಾಕಿ ಯಾರರ ಒಬ್ಬರು ಗೆದ್ರ ಸಾಕು ಅಂದ್ರ ಶೇ. 96, ಅಂಥಾ ಚೆಕ್ ಯಾಕ ಬೇಕು? ಒಬ್ಬರ ಹಾಕಲಿ, ಉಳಿದವರ ಸಹಾಯಕ್ಕ ಅಡ್ವಾಂಟೇಜ್ ಕೊಡ್ರಿ: ಶೇ. 80.

ಡಿ20 ಬದಲಿ ಲುಡೋ ದಾಳ ಮೂರು ಕೂಡಿಸಿ ಆಡೂಣು ಅಂತ ನಿಮ್ಮ ಗೆಳೆಯರು ಹೇಳಿದ್ದಕ್ಕ: ಹತ್ತು ಇಲ್ಲಾ ಅದಕ್ಕಿಂತ ಹೆಚ್ಚು ಬೀಳೋದು ಶೇ. 62.5ಕ್ಕ ಏರತೈತಿ ಖರೆ, ಆದ್ರ ನಡಬರಕ ಅಂಕಿ ಬಾಳ ಬೀಳ್ತಾವ. ಮತ್ತೊಂದು +2 ಕೊಟ್ರ ಡಿ20ರಾಗ ಶೇ. 65, ಇಲ್ಲಿ ಸೀದಾ ಶೇ. 84. ಹಂಗ ಮಾಡಿದ್ರ ಎಲ್ಲಾ ಗುರಿ ಅಂಕಿ ಹೊಸದಾಗಿ ಇಡಬೇಕಾಗ್ತೈತ್ರಿ.