20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಎಡ ಕಿಡ್ನಿ ಊದಿದೆ, 5.8 ಮಿ.ಮೀ. ಅಂದಿದ್ದಾರೆ. ಹೆದರಬೇಕಾ?

ಚಳ್ಳಕೆರೆಯಿಂದ ಕೇಳಿದ್ದೀರಿ. ಚೊಚ್ಚಲ ಬಸಿರು, ಅತ್ತೆಯವರು "ನೀರು ಸರಿಯಾಗಿ ಕುಡಿಯಲಿಲ್ಲ, ಅದಕ್ಕೇ ಹಿಂಗಾಗಿದೆ" ಅಂತಿದ್ದಾರೆ ಅಂತಲೂ ಬರೆದಿದ್ದೀರಿ. ಮೊದಲು ಅದನ್ನೇ ಹೇಳಿಬಿಡ್ತೀನಿ. ನೀವು ನೀರು ಕಡಿಮೆ ಕುಡಿದಿದ್ದಕ್ಕೆ ಇದು ಬಂದಿಲ್ಲ. ನನಗೂ ಇದೇ ಮಾತು ಬಂದಿತ್ತು, ಬಾರ್ಲಿ ನೀರು ಕುಡಿದೂ ಕುಡಿದೂ ಸಾಕಾಗಿತ್ತು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯವಳು, ಇದೇ ರಿಪೋರ್ಟ್ ಹಿಡಿದು ಅತ್ತವಳು. ಮಗಳಿಗೆ ಈಗ 4 ವರ್ಷ.

5.8 ಅನ್ನೋದು ಕಿಡ್ನಿಯ ಅಳತೆ ಅಲ್ಲ. ಈ ವಾರಕ್ಕೆ ಕಿಡ್ನಿಯೇ ಸುಮಾರು 2 ಸೆಂ.ಮೀ. ಉದ್ದ ಇರುತ್ತೆ. ಶೇಂಗಾ ಬೀಜವನ್ನು ಎರಡು ಹೋಳು ಮಾಡಿದರೆ ನಡುವೆ ಒಂದು ಸಂದು ಕಾಣುತ್ತಲ್ಲ, ಸ್ಕ್ರೀನಿನಲ್ಲಿ ಕಿಡ್ನಿ ಹಾಗೇ ಕಾಣುತ್ತೆ. ಬೂದು ಬಣ್ಣದ ಬೀಜ, ನಡುವೆ ಕಪ್ಪು ಗೆರೆ. ಕಪ್ಪು ಅಂದರೆ ಮೂತ್ರ. ಕೆಳಗಿನ ನಾಳಕ್ಕೆ ಇಳಿಯುವ ಮೊದಲು ಮೂತ್ರ ಬಂದು ಸೇರುವ ಜಾಗ ಅದು. ಆ ಕಪ್ಪಿನ ಅಗಲವೇ ನಿಮ್ಮ 5.8.

ಬರೀ ಮಿ.ಮೀ. ನೋಡಿದರೆ ಏನೂ ತಿಳಿಯಲ್ಲ, ಎಷ್ಟನೇ ವಾರ ಅನ್ನೋದೂ ಬೇಕು. 28 ವಾರ ತುಂಬುವ ಮೊದಲು 4ರ ಒಳಗಿದ್ದರೆ ಸರಿ. 4ರಿಂದ 7ರ ಒಳಗೆ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಕಡಿಮೆ ಅಪಾಯದ ಗುಂಪು. ನಿಮ್ಮದು ಅಲ್ಲೇ ಬರುತ್ತೆ. 28 ವಾರದ ನಂತರ ಲೆಕ್ಕ ಬದಲಾಗುತ್ತೆ: 7ರ ಒಳಗೆ ಸರಿ, 10 ಮುಟ್ಟಿದರೆ ಜಾಸ್ತಿ ನಿಗಾ. ಹೀಗೆ ಕಾಣೋದು ಅಪರೂಪವೇನಲ್ಲ, 100 ಬಸಿರಿನಲ್ಲಿ ಒಂದೆರಡರಲ್ಲಾದರೂ ಇರುತ್ತೆ. ಹೆಚ್ಚಿನವು ತಾವಾಗೇ ಸರಿಹೋಗುತ್ತವೆ. ಕೆಲವರಲ್ಲಿ ಮಾತ್ರ ನಾಳ ಶುರುವಾಗುವ ಕಡೆ ಕಟ್ಟಿಕೊಂಡಿರುತ್ತೆ, ಇಲ್ಲವೇ ಮೂತ್ರ ಚೀಲದಿಂದ ವಾಪಸ್ ಮೇಲಕ್ಕೆ ನುಗ್ಗುತ್ತೆ.

ರಿಪೋರ್ಟಿನಲ್ಲಿ ಇನ್ನೂ ಮೂರು ವಿಷಯ ನೋಡಿ. ಬಲ ಕಿಡ್ನಿ ಹೇಗಿದೆ, ಮೂತ್ರಚೀಲ ಹೇಗಿದೆ, ಗರ್ಭದ ನೀರು ಸಾಕಷ್ಟಿದೆಯಾ. ಈ ಹೊತ್ತಿಗೆ ಆ ನೀರಿನ ಬಹುಪಾಲು ಮಗುವಿನ ಮೂತ್ರವೇ. ಹಾಗಾಗಿ ನೀರು ಸರಿ ಇದ್ದರೆ ಒಂದು ಕಿಡ್ನಿಯಾದರೂ ಕೆಲಸ ಮಾಡ್ತಿದೆ ಅಂತ ಅರ್ಥ. ನನ್ನ ಸ್ಕ್ಯಾನಿನಲ್ಲಿ ಮಗುವಿನ ಮೂತ್ರಚೀಲ ದೊಡ್ಡದಾಗಿ ಕಂಡಿತ್ತು. "ಒಂದು ಸುತ್ತು ಓಡಾಡಿ ಬಾರಮ್ಮ" ಅಂದರು. ಎದುರಿನ ಅಂಗಡಿಯಲ್ಲಿ ಮಂಡಕ್ಕಿ ತಿಂದು ಮುಕ್ಕಾಲು ಗಂಟೆ ಬಿಟ್ಟು ಹೋದೆ. ಚೀಲ ಖಾಲಿ! ಮಗು ಉಚ್ಚೆ ಹೊಯ್ದಿತ್ತು. ಅಷ್ಟು ಖುಷಿ ನನಗೆ ಪಿಯುಸಿ ರಿಸಲ್ಟ್ ಬಂದಾಗಲೂ ಆಗಿರಲಿಲ್ಲ.

ಎರಡೂ ಕಿಡ್ನಿ ಊದಿ, ಚೀಲದ ಗೋಡೆ ದಪ್ಪಗಾಗಿ, ಅದು ಖಾಲಿಯೂ ಆಗದೆ, ನೀರೂ ಕಡಿಮೆ ಆಗಿದ್ದರೆ ಮಾತು ಬೇರೆ. ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೂತ್ರದ ದಾರಿಗೆ ಪೊರೆ ಅಡ್ಡ ಬರುವ ಒಂದು ತೊಂದರೆ ಗಂಡು ಮಕ್ಕಳಿಗೆ ಮಾತ್ರ ಬರುತ್ತೆ. ಹಾಗಂತ "ಗಂಡಾ?" ಅಂತ ಕೇಳಬೇಡಿ. 1994ರ ಕಾನೂನಿನ ಪ್ರಕಾರ ಅವರು ಹೇಳುವಂತಿಲ್ಲ.

ಇನ್ನು ನಾವು ಎಡವಿದ ಕಡೆ. ನನಗೆ 21ನೇ ವಾರಕ್ಕೆ 6, 32ನೇ ವಾರಕ್ಕೆ 9 ಇತ್ತು. ಹೆರಿಗೆಯಾದ ಮಾರನೇ ದಿನವೇ ಮಗುವಿಗೆ ಸ್ಕ್ಯಾನ್ ಮಾಡಿ ನಾರ್ಮಲ್ ಅಂದರು. ಮೈದುನ ಪೇಡೆ ಹಂಚಿಯೂ ಬಿಟ್ಟ. ಮೊದಲೆರಡು ದಿನ ಹಸುಗೂಸು ಮೂತ್ರ ಮಾಡೋದೇ ಕಮ್ಮಿ, ಕೊನೇ ಭಾಗಕ್ಕೆ ನೀರು ಬಾರದ ಭದ್ರಾ ಕಾಲುವೆ ಥರ. ಊತ ಇದ್ದರೂ ಕಾಣಲ್ಲ. ಅದನ್ನು ಅಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ಮಕ್ಕಳ ಡಾಕ್ಟರ್ ಒಬ್ಬರು ಗದರಿಸಿದ ಮೇಲೆ 10ನೇ ದಿನ ಮತ್ತೆ ಮಾಡಿಸಿದೆವು, 8 ಇತ್ತು. ಮೂರು ತಿಂಗಳಿಗೆ 6, ವರ್ಷ ತುಂಬುವಷ್ಟರಲ್ಲಿ ಪೂರ್ತಿ ಇಳಿದಿತ್ತು. ನಡುವೆ ಒಮ್ಮೆ ಶೀತ ಕೆಮ್ಮು ಏನೂ ಇಲ್ಲದೆ ಜ್ವರ ಬಂದಾಗ ಸಿರಪ್ ಹಾಕಿ ಸುಮ್ನೆ ಕೂರದೆ ಮೂತ್ರ ಪರೀಕ್ಷೆ ಮಾಡಿಸಿದೆವು. ನೀವೂ ಹಾಗೇ ಮಾಡಿ.

ಸದ್ಯಕ್ಕೆ 32ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ. ಮಗು ಹುಟ್ಟಿ 48 ಗಂಟೆ ಕಳೆದ ಮೇಲೆ, ವಾರದ ಹೊತ್ತಿಗೆ ಒಂದು ಮಾಡಿಸಿ. ಅದು ನಾರ್ಮಲ್ ಬಂದರೂ ಕೆಲವು ತಿಂಗಳು ಬಿಟ್ಟು ಇನ್ನೊಂದು. ಹೆರಿಗೆಗೆ ತವರಿಗೆ ಹೋಗ್ತೀರಲ್ವಾ? ತಾಯಿ ಕಾರ್ಡಿನ ಜೊತೆ ಈ ರಿಪೋರ್ಟೂ ಬ್ಯಾಗಿನಲ್ಲಿರಲಿ. ಅಲ್ಲಿನ ಮಕ್ಕಳ ಡಾಕ್ಟರಿಗೆ ನೀವು ಹೇಳದೆ ಗೊತ್ತಾಗಲ್ಲ.