ಜೀಪಿಗೆ ಸೆಟ್: ವ್ಯಾಟ್ ಆಮೇಲೆ, ಮೊದಲು ಅಂಟೆನಾ

ಮಳೆ ಹಿಡಿಯುವ ಮೊದಲೇ ಜೀಪಿನವರ ಪತ್ರಗಳು ಬರತೊಡಗಿವೆ. ಹೆಚ್ಚಿನವು ವೈರ್‌ಲೆಸ್ ಸೆಟ್ ಬಗ್ಗೆ. ಒಂದೇ ತರಹದವನ್ನು ಸೇರಿಸಿ ನಾಲ್ಕು ಪ್ರಶ್ನೆ ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು, ಐದು ಜೀಪಿನ ಗುಂಪು. ಗೆಳೆಯರ ತೋಟ, ಗದ್ದೆಗಳಲ್ಲಿ ಆಫ್‌ರೋಡ್ ಮಾಡುತ್ತೇವೆ. ಮುಂದಿನ ಜೀಪು ತಿರುವಿನಲ್ಲಿ ಮರೆಯಾದರೆ ಮುಗಿಯಿತು, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆನ್‌ಲೈನ್‌ನಲ್ಲಿ 25 ವ್ಯಾಟಿನ ಸೆಟ್ ಕಡಿಮೆ ಬೆಲೆಗೆ ಕಾಣುತ್ತಿದೆ. ಎಲ್ಲರೂ ಒಂದೊಂದು ಹಾಕಿಸೋಣ ಅಂತ ಇದ್ದೇವೆ. ಯಾವುದು ತಗೊಳ್ಳೋದು ಸರ್?

ಉತ್ತರ: ದುಡ್ಡು ಕಟ್ಟುವ ಮೊದಲು ಸ್ವಲ್ಪ ನಿಲ್ಲಿ. 25 ವ್ಯಾಟಿನ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು, ಮಾತಾಡುವುದು ಆಮೇಲಿನ ವಿಷಯ. ಮಾರಾಟಕ್ಕಿದೆ ಅಂದ ಮಾತ್ರಕ್ಕೆ ಬಳಸಬಹುದು ಅಂತ ಅಲ್ಲ. ಹೀಗೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು, ಮಾರಾಟಕ್ಕೆ ಮಾರ್ಗಸೂಚಿಯನ್ನೂ ತಂದಿತು. ಫ್ರೀಕ್ವೆನ್ಸಿ ಯಾವುದು, ಲೈಸೆನ್ಸ್ ಬೇಕೋ ಬೇಡವೋ ಎಂದು ಮಾರುವವರು ಸ್ಪಷ್ಟವಾಗಿ ಹೇಳದಿದ್ದರೆ ಆ ಸೆಟ್ ಬಿಟ್ಟುಬಿಡಿ.

ಲೈಸೆನ್ಸ್ ಬೇಡದ ದಾರಿ ಇದೆ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಅರ್ಧ ವ್ಯಾಟಿನ ಕೈಸೆಟ್. 2018ರ ನಿಯಮದಲ್ಲಿ ಇದಕ್ಕೆ ವಿನಾಯಿತಿ ಇದೆ. ಸೆಟ್ಟಿಗೆ ಇಟಿಎ ಎಂಬ ಸರ್ಕಾರಿ ಅನುಮೋದನೆ ಇರಬೇಕು, ಅದನ್ನು ಕೇಳಿಯೇ ತಗೊಳ್ಳಿ. ನಿಮ್ಮ ಐದು ಜೀಪಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ.

ಅರ್ಧ ವ್ಯಾಟ್ ಅಂದ ಕೂಡಲೇ ಎಲ್ಲರಿಗೂ ಅನುಮಾನ ಬರುತ್ತದೆ. ಆದರೆ ಕೊಡಗಿನಲ್ಲಿ ನಮ್ಮ ಮಾತನ್ನು ತಡೆಯುವುದು ವ್ಯಾಟಿನ ಕೊರತೆಯಲ್ಲ, ಬೆಟ್ಟ ಮತ್ತು ಎಲೆ. ಈ ಫ್ರೀಕ್ವೆನ್ಸಿಗಳಲ್ಲಿ ರೇಡಿಯೋ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಮಧ್ಯೆ ಗುಡ್ಡದ ಏಣು ಬಂದರೆ ಅಲ್ಲಿಗೆ ನಿಂತಿತು, ನೀವು ಐದು ವ್ಯಾಟ್ ಕೊಟ್ಟರೂ ಐವತ್ತು ಕೊಟ್ಟರೂ ಹೆಚ್ಚು ವ್ಯತ್ಯಾಸ ಇಲ್ಲ. ಅರ್ಧದಿಂದ ಐದಕ್ಕೆ ಹೋದರೆ ಶಕ್ತಿ ಹತ್ತು ಪಟ್ಟು, ಆದರೆ ಏನೂ ಅಡ್ಡ ಇಲ್ಲದ ಬಯಲಿನಲ್ಲಿ ಸಹ ದೂರ ಹೆಚ್ಚುವುದು ಸುಮಾರು ಮೂರು ಪಟ್ಟು ಮಾತ್ರ. ಮರಗಳ ನಡುವೆ ಅಷ್ಟೂ ಇಲ್ಲ. ಒದ್ದೆ ಎಲೆ ಅಂದರೆ ಇನ್ನೂ ಕಷ್ಟ. ಮಾಂದಲಪಟ್ಟಿಯ ಬೋಳು ಹುಲ್ಲುಗಾವಲಿನಲ್ಲಿ ಚೆನ್ನಾಗಿ ಕೇಳುವ ಸೆಟ್ಟೇ, ಕಕ್ಕಬ್ಬೆ ಕಡೆಯ ತೋಟದಲ್ಲಿ ಸಿಲ್ವರ್ ಓಕ್, ಮೆಣಸಿನ ಬಳ್ಳಿಗಳ ಮಧ್ಯೆ ಎರಡು ತಿರುವು ದಾಟಿದರೆ ಸುಮ್ಮನಾಗುತ್ತದೆ. ಡಬ್ಬಿಯ ಮೇಲೆ ಬರೆದ ಹತ್ತು ಕಿಲೋಮೀಟರನ್ನು ನಂಬಿ ತಗೊಳ್ಳಬೇಡಿ. ಸಾಲಿನಲ್ಲಿ ಹೋಗುವ ಜೀಪುಗಳ ನಡುವಿನ ದೂರಕ್ಕೆ ಇದು ಸಾಕು, ಮೊದಲನೆಯದು ಕೊನೆಯದಕ್ಕೆ ಕೇಳದಿದ್ದರೆ ಮಧ್ಯದವರು ಮಾತು ದಾಟಿಸಲಿ.

ತಗೊಳ್ಳುವಾಗ ನೀರು ಹೋಗದ ಸೆಟ್ ನೋಡಿ, ಐಪಿ 67 ಅಂತ ಬರೆದಿರುತ್ತದೆ. ಕೆಸರು ಕೈಯಲ್ಲೂ ಒತ್ತಲು ಬರುವ ದೊಡ್ಡ ಬಟನ್ ಇರಲಿ. ಐದೂ ಒಂದೇ ಕಂಪೆನಿಯದಾದರೆ ಒಳ್ಳೆಯದು. ಬೇರೆ ಬೇರೆ ಆದರೆ ಚಾನೆಲ್ ಜೊತೆ ಟೋನ್ (ಮಾತಿನ ಜೊತೆ ಹೋಗುವ ಗುರುತಿನ ಸದ್ದು, ಅದು ಹೊಂದದಿದ್ದರೆ ಸೆಟ್ ಸುಮ್ಮನಿರುತ್ತದೆ) ಕೂಡ ಒಂದೇ ಮಾಡಿ, "ನಂದು ಕೇಳ್ತಾನೇ ಇಲ್ಲ" ಅನ್ನುವ ಜಗಳ ಹೆಚ್ಚಾಗಿ ಇದರಿಂದಲೇ ಶುರುವಾಗುವುದು. ಈ ಟೋನಿಗೆ ಕೆಲವು ಸೆಟ್‌ಗಳಲ್ಲಿ ಪ್ರೈವೆಸಿ ಕೋಡ್ ಅಂತ ಹೆಸರು ಕೊಟ್ಟಿರುತ್ತಾರೆ, ಆದರೆ ನಿಮ್ಮ ಮಾತು ಎಲ್ಲರಿಗೂ ಕೇಳುತ್ತಲೇ ಇರುತ್ತದೆ. ಜೀಪಿನೊಳಗೆ ಸೆಟ್ಟನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಹತ್ತಿರ ನಿಲ್ಲಿಸಿ, ಸ್ಪೀಕರ್ ಮೈಕ್ ಸಿಕ್ಕಿಸಿಕೊಳ್ಳಿ. ಸೀಟಿನ ಪಕ್ಕ ಬಿಸಾಡಿದರೆ ಸುತ್ತಲಿನ ತಗಡು ಸಿಗ್ನಲನ್ನು ನುಂಗುತ್ತದೆ. ಮಾತಾಡುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದ್ದಲ್ಲ.

27 ಮೆಗಾಹರ್ಟ್ಸಿನ ಸಿಬಿ (ಸಿಟಿಜನ್ಸ್ ಬ್ಯಾಂಡ್) ಸೆಟ್ ಬಗ್ಗೆಯೂ ಇಬ್ಬರು ಕೇಳಿದ್ದಾರೆ. ಅದರ ಕಾಲು ಅಲೆಯ (ಅಲೆಯ ಉದ್ದದ ಕಾಲು ಭಾಗದಷ್ಟಿರುವ) ಅಂಟೆನಾವೇ ಸುಮಾರು 2.7 ಮೀಟರ್. ನಮ್ಮ ತೋಟದ ದಾರಿಯಲ್ಲಿ ಅಷ್ಟುದ್ದ ಕಡ್ಡಿ ಹೊತ್ತು ಹೋಗುವುದು ಹೇಗೆ? ಗಿಡ್ಡ ಮಾಡಿದರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಜೀಪಿನಲ್ಲೇ ಗಟ್ಟಿಯಾಗಿ ಕೂರುವ ದೊಡ್ಡ ಸೆಟ್ಟೇ ಬೇಕು ಅಂದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಬರೆಯಿರಿ. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಡ, 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಪಾಸಾಗಿ ಲೈಸೆನ್ಸ್ ಬಂದರೆ VU3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ಆಮೇಲೆ 144–146 ಮೆಗಾಹರ್ಟ್ಸಿನಲ್ಲಿ ಸರಿಯಾದ ಸೆಟ್ ಹಾಕಿಸಬಹುದು. ಆದರೆ ಐದು ಜನ ಮಾತಾಡಬೇಕಾದರೆ ಐದೂ ಜನ ಪಾಸಾಗಬೇಕು, ಒಬ್ಬರ ಲೈಸೆನ್ಸ್ ಇಡೀ ಗುಂಪಿಗೆ ನಡೆಯುವುದಿಲ್ಲ.

ಪ್ರಶ್ನೆ: ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಹ್ಯಾಮ್ ಲೈಸೆನ್ಸ್ ಇದೆ. ಹಳೆಯ ಡೀಸೆಲ್ ಜೀಪು, ಮೇಲೆ ಕ್ಯಾನ್ವಾಸ್ ಹೂಡ್. ಅಂಟೆನಾವನ್ನು ಮುಂದಿನ ಬಂಪರಿಗೆ ಹಾಕೋಣ, ಕರೆಂಟನ್ನು ಸಿಗರೇಟ್ ಲೈಟರ್ ಸಾಕೆಟ್‌ನಿಂದ ತೆಗೆಯೋಣ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಸರಿಯೇ?

ಉತ್ತರ: ಎರಡೂ ಬೇಡ.

ಅಂಟೆನಾದಿಂದ ಶುರು ಮಾಡೋಣ, ಯಾಕೆಂದರೆ ಸೆಟ್ ಎಷ್ಟೇ ಒಳ್ಳೆಯದಿದ್ದರೂ ಕೆಲಸ ಕೆಡುವುದು ಇಲ್ಲೇ. ನಿಮಗೆ ಕಾಣುವ ಕಡ್ಡಿ ಅಂಟೆನಾದ ಅರ್ಧ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಸುತ್ತಲೂ ಹರಡಿರುವ ತಗಡು, ಗ್ರೌಂಡ್ ಪ್ಲೇನ್ ಅನ್ನುತ್ತೇವೆ. ಕಬ್ಬಿಣದ ಟಾಪ್ ಇದ್ದವರಿಗೆ ಟಾಪಿನ ನಡುಮಧ್ಯವೇ ಅತಿ ಒಳ್ಳೆಯ ಜಾಗ. ಫೈಬರ್ ಟಾಪ್ ಆದರೆ ಆ ತಗಡು ಇಲ್ಲ. ಅನುಮಾನ ಇದ್ದರೆ ಒಂದು ಅಯಸ್ಕಾಂತ ಇಟ್ಟು ನೋಡಿ, ಹಿಡಿಯದಿದ್ದರೆ ಫೈಬರ್. ಬಂಪರಿಗೆ ಹಾಕಿದರೆ ಒಂದು ಕಡೆ ಇಡೀ ಜೀಪಿನ ಮೈ ಅಡ್ಡ ನಿಲ್ಲುತ್ತದೆ, ಹಿಂದೆ ಬರುವವರಿಗೆ ಕೇಳುವುದು ಕಡಿಮೆ. ಹಳ್ಳಕ್ಕೆ ಇಳಿದಾಗ ಮೊದಲು ಮುಳುಗುವುದೂ ಅದೇ.

ಕ್ಯಾನ್ವಾಸ್ ಜೀಪಿಗೆ ನನ್ನ ಸಲಹೆ ವಿಂಡ್‌ಶೀಲ್ಡಿನ ಕೆಳಗೆ, ಬಾನೆಟ್ ಪಕ್ಕದ ತಗಡಿನ ಮೇಲೆ ಒಂದು ಗಟ್ಟಿ ಬ್ರಾಕೆಟ್. ಬ್ರಾಕೆಟ್ ಕೂರುವ ಕಡೆ ಪೇಂಟ್ ಕೆರೆದು ಬೋಳು ಲೋಹ ಮಾಡಿ, ಬೋಲ್ಟ್ ಬಿಗಿದ ಮೇಲೆ ಸುತ್ತ ಗ್ರೀಸ್ ಅಥವಾ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದು ಅರ್ತ್ ಹೋಗುತ್ತದೆ. ಬಾನೆಟ್ಟಿಗೇ ಹಾಕುವುದಾದರೆ ಬಾನೆಟ್ಟಿನಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಕೊಡಿ, ಕೀಲಿನ ಸಂಪರ್ಕವನ್ನು ನಂಬಬೇಡಿ. 145 ಮೆಗಾಹರ್ಟ್ಸಿಗೆ ಕಾಲು ಅಲೆಯ ಕಡ್ಡಿ ಸುಮಾರು 49 ಸೆಂಟಿಮೀಟರ್. ಬುಡದಲ್ಲಿ ಸ್ಪ್ರಿಂಗ್ ಇರುವುದನ್ನೇ ತಗೊಳ್ಳಿ, ಕಾಫಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಬಡಿದರೆ ಬಾಗಿ ಎದ್ದು ನಿಲ್ಲುತ್ತದೆ. ಅಯಸ್ಕಾಂತದ ಬುಡದ ಅಂಟೆನಾ ಜಾಗ ಪರೀಕ್ಷಿಸಲು ಚೆನ್ನ, ಕಾಯಂ ಆಗಿ ಬೇಡ. ಕೊಂಬೆ ತಾಗಿದರೆ ಕಿತ್ತುಬರುತ್ತದೆ, ಅಡಿಯಲ್ಲಿ ಕೆಸರು ಸೇರಿ ಪೇಂಟ್ ತಿನ್ನುತ್ತದೆ.

ಕೇಬಲನ್ನು ಬಾಗಿಲ ಸಂದಿನಲ್ಲಿ ಹಿಂಡಬೇಡಿ. ಫೈರ್‌ವಾಲ್‌ನ (ಇಂಜಿನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ತೂತಿಗೆ ರಬ್ಬರ್ ಗ್ರೋಮೆಟ್ ಹಾಕಿ ಒಳಗೆ ತನ್ನಿ. ಒಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ, ನೀರು ಆ ತಿರುವಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಹೊರಗಿನ ಕನೆಕ್ಟರಿಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಒಮ್ಮೆ ಕೇಬಲ್ ಒಳಗೆ ನೀರು ಸೇರಿದರೆ ಬದಲಾಯಿಸುವುದೇ ದಾರಿ.

ಎಲ್ಲ ಆದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಾಕಿ ನೋಡಲೇಬೇಕು, ಅಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅಂತ ಅದು ತೋರಿಸುತ್ತದೆ. ನಿಮ್ಮ ಹ್ಯಾಮ್ ಗೆಳೆಯರಲ್ಲಿ ಯಾರ ಹತ್ತಿರವಾದರೂ ಇರುತ್ತದೆ. 1.5ರ ಒಳಗೆ ಬಂದರೆ ಚೆನ್ನಾಗಿದೆ, 2ರವರೆಗೆ ನಡೆಯುತ್ತದೆ, 3 ದಾಟಿದರೆ ಬಟನ್ ಒತ್ತಬೇಡಿ, ಸೆಟ್ಟಿನ ಔಟ್‌ಪುಟ್ ಭಾಗ ಸುಟ್ಟೀತು. 144ರ ಕಡೆ ಕಡಿಮೆ ತೋರಿಸಿ 146ರ ಕಡೆ ಜಾಸ್ತಿ ತೋರಿಸಿದರೆ ಕಡ್ಡಿ ಉದ್ದವಾಗಿದೆ ಅಂತ. ಎರಡು ಮಿಲಿಮೀಟರಿನಂತೆ ಕತ್ತರಿಸುತ್ತಾ ಬನ್ನಿ.

ಇನ್ನು ಕರೆಂಟ್. 25 ವ್ಯಾಟಿನ ಸೆಟ್ ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ ಕುಲುಕಾಟದಲ್ಲಿ ಸಡಿಲವಾಗುತ್ತದೆ, ಅದರ ವೈರೂ ತೆಳು. ಬ್ಯಾಟರಿಯ ಪ್ಲಸ್‌ನಿಂದ ನೇರವಾಗಿ 2.5 ಚದರ ಮಿಲಿಮೀಟರಿನ ವೈರ್ ಎಳೆಯಿರಿ, 10 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ. ಸೆಟ್ಟಿನ ಹತ್ತಿರ ಹಾಕಿದರೆ ಮಧ್ಯದಲ್ಲಿ ವೈರ್ ಉಜ್ಜಿ ಬಾಡಿಗೆ ತಾಗಿದಾಗ ಆ ಫ್ಯೂಸ್ ಏನೂ ಮಾಡುವುದಿಲ್ಲ, ಬೆಂಕಿ ಏಳುತ್ತದೆ. ಮೈನಸನ್ನು ಬ್ಯಾಟರಿಯ ಅರ್ತ್ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೆ ಕೊಡಿ. ನೇರ ಬ್ಯಾಟರಿಯ ಮೈನಸಿಗೆ ಕೊಟ್ಟರೆ, ಅರ್ತ್ ಪಟ್ಟಿ ತುಂಡಾದ ದಿನ ಸ್ಟಾರ್ಟರಿನ ಅಷ್ಟೂ ಕರೆಂಟ್ ನಿಮ್ಮ ಸೆಟ್ಟಿನ ಸಣ್ಣ ವೈರ್ ಮೂಲಕ ದಾರಿ ಹುಡುಕುತ್ತದೆ. ನಿಮ್ಮದು ಸೈನ್ಯದಿಂದ ಹರಾಜಾಗಿ ಬಂದ 24 ವೋಲ್ಟಿನ ಗಾಡಿಯಾದರೆ ಕನ್ವರ್ಟರ್ ಹಾಕಿ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯಬೇಡಿ, ಎರಡೂ ಬೇಗ ಹಾಳಾಗುತ್ತವೆ.

ಸೆಟ್ಟನ್ನು ಸೀಟಿನ ಅಡಿಯಲ್ಲಿ ಇಡಬೇಡಿ, ಹೊಳೆ ದಾಟುವ ಗಾಡಿ ಅಲ್ವಾ. ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಕೇಬಲ್ ಸುತ್ತಿ ಎಳೆಯುವ ಮೋಟಾರ್) ಇದ್ದರೆ ಇನ್ನೊಂದು ಮಾತು. ದೊಡ್ಡ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್ ಆಸುಪಾಸು ಎಳೆಯುತ್ತದೆ, ಆಗ ಬ್ಯಾಟರಿಯ ವೋಲ್ಟೇಜ್ ಕುಸಿದು ಸೆಟ್ ಆಫ್ ಆಗಬಹುದು. ಅಂದರೆ ಮಾತು ಅತ್ಯಂತ ಬೇಕಾದ ಹೊತ್ತಿಗೇ ಇಲ್ಲ. ಅದಕ್ಕೆ ಹೊರಗೆ ನಿಂತು ದಾರಿ ತೋರಿಸುವವರ ಕೈಯಲ್ಲೂ, ಸ್ಟೇರಿಂಗ್ ಹಿಡಿದವರ ಪಕ್ಕದಲ್ಲೂ ಒಂದೊಂದು ಕೈಸೆಟ್ ಇರಲೇಬೇಕು. ವಿಂಚಿನ ಕೇಬಲ್ ಬಿಗಿಯಾದ ಮೇಲೆ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಬಟನ್ ಒತ್ತಬಾರದು. "ನಿಲ್ಸು" ಅನ್ನುವ ಮಾತು ಬೇರೆಯವರ ಮಾತಿನ ಅಡಿಗೆ ಬಿದ್ದರೆ ಕೈಕಾಲು ಹೋಗುತ್ತದೆ, ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡುವುದನ್ನೂ ರೂಢಿ ಮಾಡಿ, ಇಲ್ಲದಿದ್ದರೆ "ಎಳೀಬೇಡ" ಅಂದದ್ದರ ಕೊನೆ ಮಾತ್ರ ಕೇಳುತ್ತದೆ.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಂತೆ ಸೆಟ್ಟಿನಲ್ಲಿ ಕುಯ್ಯ್ ಅನ್ನುವ ಸದ್ದು ಏರುತ್ತದೆ. ರಾತ್ರಿ ಹೊತ್ತು ದೂರದವರು ಕೇಳುವುದೇ ಇಲ್ಲ. ಸೆಟ್ ಕೆಟ್ಟಿದೆಯೇ? (ಕುಶಾಲನಗರ)

ಉತ್ತರ: ಸೆಟ್ ಸರಿ ಇರಬಹುದು. ಇಂಜಿನ್ ಜೊತೆ ಏರಿಳಿಯುವ ಸದ್ದು ಹೆಚ್ಚಾಗಿ ಆಲ್ಟರ್ನೇಟರಿನದು. ಅಂಟೆನಾ ಕೇಬಲ್ ಬಿಚ್ಚಿ ಸುಮ್ನೆ ಕೇಳಿ, ಆಗ ಬಟನ್ ಮಾತ್ರ ಒತ್ತಬೇಡಿ. ಸದ್ದು ಹಾಗೇ ಇದ್ದರೆ ಕರೆಂಟ್ ವೈರಿನಿಂದ ಬರುತ್ತಿದೆ, ಮೇಲೆ ಹೇಳಿದಂತೆ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಸಾಮಾನ್ಯವಾಗಿ ಹೋಗುತ್ತದೆ. ಸದ್ದು ನಿಂತರೆ ಅದು ಅಂಟೆನಾದಿಂದ ಬರುತ್ತಿದೆ ಅಂತ.

ರಾತ್ರಿಯ ತೊಂದರೆ ಬೇರೆ. ಎಲ್‌ಇಡಿ ಲೈಟ್ ಬಾರ್ ಹಾಕಿಸಿದ್ದೀರಾ? ಅಗ್ಗದ ಲೈಟ್ ಬಾರ್‌ನ ಡ್ರೈವರ್, ಅಗ್ಗದ ಮೊಬೈಲ್ ಚಾರ್ಜರ್ ಎರಡೂ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಒಂದೊಂದಾಗಿ ಆಫ್ ಮಾಡಿ ನೋಡಿ. ಕಳ್ಳ ಸಿಕ್ಕ ಮೇಲೆ ಅದರ ವೈರಿಗೆ ಫೆರೈಟ್ ಕ್ಲಿಪ್ (ರೇಡಿಯೋ ಗದ್ದಲ ತಗ್ಗಿಸುವ ಉಂಗುರ) ಹಾಕಿ, ಅಂಟೆನಾದಿಂದ ದೂರ ಸರಿಸಿ, ಆಗಲೂ ನಿಲ್ಲದಿದ್ದರೆ ಬದಲಾಯಿಸಿ.

ಪ್ರಶ್ನೆ: ಭಾಗಮಂಡಲದ ಹತ್ತಿರ ತೋಟ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಫೋನೂ ಇಲ್ಲ. ಮಗನ ಜೀಪಿನ ಹ್ಯಾಮ್ ಸೆಟ್ಟನ್ನೇ ತೋಟದ ಕೆಲಸಕ್ಕೂ ಬಳಸಬಹುದೇ?

ಉತ್ತರ: ಇಲ್ಲಮ್ಮ, ಹ್ಯಾಮ್ ಲೈಸೆನ್ಸನ್ನು ವ್ಯವಹಾರಕ್ಕೆ ಬಳಸುವ ಹಾಗಿಲ್ಲ. ತೋಟದೊಳಗೆ ರೈಟರ್ ಜೊತೆ ಮಾತಾಡಲು ಮೊದಲು ಹೇಳಿದ ಅರ್ಧ ವ್ಯಾಟಿನ ಕೈಸೆಟ್ ತಗೊಳ್ಳಿ. ಹತ್ತಾರು ಎಕರೆಗಿಂತ ಹೆಚ್ಚು ಹರಡಿದ ತೋಟವಾದರೆ ದೂರಸಂಪರ್ಕ ಇಲಾಖೆಯಿಂದ ಸ್ವಂತ ಬಳಕೆಯ ಲೈಸೆನ್ಸ್ ಪಡೆಯುವ ದಾರಿಯೂ ಇದೆ, ಖರ್ಚು ಜಾಸ್ತಿ.

2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದು ದಾರಿ, ಕರೆಂಟು ಕಡಿದುಹೋದದ್ದನ್ನು ನೋಡಿದ ನಾವು ಇದನ್ನು ಮಳೆ ಬಂದ ಮೇಲೆ ಮಾಡೋಣ ಅಂತ ಬಿಡಬಾರದು. ಈಗಲೇ ಒಬ್ಬರು ಮನೆ ಅಂಗಳದಲ್ಲಿ ನಿಂತು, ಇನ್ನೊಬ್ಬರು ತೋಟದಲ್ಲಿ ನಡೆಯುತ್ತಾ ಎಲ್ಲಿ ಕೇಳುತ್ತದೆ, ಎಲ್ಲಿ ಇಲ್ಲ ಅಂತ ನೋಡಿ. ಚೆನ್ನಾಗಿ ಕೇಳುವ ಎತ್ತರದ ಜಾಗಗಳಿಗೆ ಮರಕ್ಕೆ ಬಣ್ಣದ ಗುರುತು ಹಾಕಿ, ಲೈನ್ ಮನೆಯ ಕೆಲಸಗಾರರಿಗೂ ತೋರಿಸಿಕೊಡಿ. ಜೋರು ಮಳೆ ಹಿಡಿದ ಮೇಲೆ ಇನ್ನೊಮ್ಮೆ ನಡೆದು ನೋಡಿ, ಒದ್ದೆ ಎಲೆಗೆ ಒಂದೆರಡು ಗುರುತು ಬದಲಾಯಿಸಬೇಕಾಗುತ್ತದೆ.