ಬೇಟೆ ನಿಂತರೂ ಕೊಡಗಿನ ಮನೆಗಳಲ್ಲಿ ಪಾಯಿಂಟ್ 22 ರೈಫಲ್ ಯಾಕೆ ಉಳಿದಿದೆ?

ನೀವು ಕೇಳಿದ್ದು ಇಷ್ಟು: ಬೇಟೆ ಕಾನೂನಿನ ಪ್ರಕಾರ ನಿಂತು ಎಷ್ಟೋ ಕಾಲವಾಯಿತು, ಮನೆಯಲ್ಲಿ ಜೋಡಿ ನಳಿಗೆಯ ದೊಡ್ಡ ಕೋವಿ ಇದ್ದೇ ಇದೆ. ಆದರೂ ಕೊಡಗಿನವರು ಆ ಸಣ್ಣ ಪಾಯಿಂಟ್ 22 ರೈಫಲ್ ಮೇಲೆ ಯಾಕೆ ಅಷ್ಟೊಂದು ಪ್ರೀತಿ ಇಟ್ಟುಕೊಂಡಿದ್ದಾರೆ? ನಾನು ಕೊಡವ. ನಮ್ಮ ಮನೆಯಲ್ಲಿ ಎರಡೂ ಇವೆ. ಎಲ್ಲರ ಪರವಾಗಿ ಅಲ್ಲ, ನನ್ನ ಮಟ್ಟಿಗೆ ಹೇಳುತ್ತೇನೆ.

ದೊಡ್ಡ ಕೋವಿ ಮನೆಗೆ ಸೇರಿದ್ದು. ಪಾಯಿಂಟ್ 22 ಅದನ್ನು ಕೈಯಲ್ಲಿ ಹಿಡಿದವರಿಗೆ ಸೇರಿದ್ದು. ನನ್ನ ಉತ್ತರ ಇದೇ.

ಸೆಪ್ಟೆಂಬರ್ ಮೊದಲ ವಾರದಲ್ಲಿ ನಮಗೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ನಾಟಿ ಕೆಲಸ ಮುಗಿದಿರುತ್ತದೆ. ಅವತ್ತು ಕೋವಿ, ಕತ್ತಿ ಎಲ್ಲವನ್ನೂ ಒರೆಸಿ, ದೀಪದ ಮುಂದೆ ಇಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ತೋಕ್ ಅಂದರೆ ನಮ್ಮ ಮಾತಿನಲ್ಲಿ ಕೋವಿ, ಪೂ ಅಂದರೆ ಹೂವು. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಗದ್ದೆಗೆ ಹೋಗಿ ಕದಿರು (ಭತ್ತದ ತೆನೆ) ತೆಗೆಯುವಾಗ ಗುಂಡು ಹಾರಿಸುತ್ತೇವೆ. ಮಗು ಹುಟ್ಟಿದಾಗ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಗುಂಡು ಹಾರಿಸುವ ಪದ್ಧತಿಯೂ ಇದೆ. ಇವೆಲ್ಲ ದೊಡ್ಡ ಕೋವಿಯ ಕೆಲಸ. ಅಲ್ಲಿ ಗುಂಡು ಎಲ್ಲಿಗೆ ತಗುಲಿತು ಅಂತ ಯಾರೂ ಕೇಳುವುದಿಲ್ಲ. ಸದ್ದು ಊರಿಗೆ ಕೇಳಿಸಿದರೆ ಸಾಕು. ಪಾಯಿಂಟ್ 22 ವಿಷಯ ಪೂರ್ತಿ ಉಲ್ಟಾ. ಅದರ ಸದ್ದು ಪಕ್ಕದ ತೋಟದವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಎಲ್ಲಿಗೆ ತಗುಲಿತು ಅನ್ನುವುದೊಂದೇ ಅಲ್ಲಿನ ಪ್ರಶ್ನೆ.

ಅದರ ಗುಂಡು ಎಷ್ಟು ಚಿಕ್ಕದು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೀಸದ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ. ಅಡ್ಡಗಲ 5.6 ಮಿಲಿಮೀಟರ್, ಅಂದರೆ ಸುಮಾರು 0.22 ಇಂಚು. ಹೆಸರು ಬಂದದ್ದೇ ಹಾಗೆ. ನಮ್ಮ ದೊಡ್ಡ ಕೋವಿ 12 ಬೋರ್‌ನದು. ಅದರ ತೋಟಾದಲ್ಲಿ, ಅಂದರೆ ಕಾಡತೂಸಿನಲ್ಲಿ, ಇರುವ ಚಿಲ್ಲುಗಳ (ಸಣ್ಣ ಸೀಸದ ಉಂಡೆಗಳ) ತೂಕ ಒಟ್ಟು ಸುಮಾರು 30 ಗ್ರಾಂ. ದೊಡ್ಡ ತೋಟಾದ ಹಿಂಬದಿಯ ನಡುವೆ ಕಿಡಿ ಹೊತ್ತಿಸುವ ಒಂದು ಪುಟ್ಟ ಕೇಪು ಕೂತಿರುತ್ತದೆ, ಪಿನ್ನು ಅದಕ್ಕೇ ಹೊಡೆಯುತ್ತದೆ. ಪಾಯಿಂಟ್ 22ರಲ್ಲಿ ಬೇರೆ ಕೇಪು ಇಲ್ಲ. ತೋಟಾದ ತಳದ ಅಂಚು ಮಡಿಸಿದಂತೆ ಇರುತ್ತದೆ, ಆ ಮಡಿಕೆಯೊಳಗೇ ಕಿಡಿ ಹೊತ್ತಿಸುವ ಮದ್ದು ತುಂಬಿರುತ್ತದೆ. ಪಿನ್ನು ಅಂಚನ್ನು ಜಜ್ಜಿದರೆ ಗುಂಡು ಹಾರುತ್ತದೆ. ರಿಮ್ ಅಂದರೆ ಅಂಚು, ಅದಕ್ಕೇ ಇದು ರಿಮ್‌ಫೈರ್. ಇವತ್ತು ನಾವು ಬಳಸುವ ಲಾಂಗ್ ರೈಫಲ್ ತೋಟಾ ಅಮೆರಿಕದಲ್ಲಿ 1887ರಲ್ಲಿ ಬಂದದ್ದು. ಅಲ್ಲಿಂದ ಎಷ್ಟೋ ಹೊಸ ತೋಟಾಗಳು ಬಂದು ಹೋದವು. ಇದು ಮಾತ್ರ ಅದೇ ಅಳತೆಯಲ್ಲಿ ಉಳಿದುಕೊಂಡಿದೆ.

ಇಷ್ಟು ಸಣ್ಣದು ಅಂದಮೇಲೆ ಭುಜಕ್ಕೆ ಪೆಟ್ಟು ಅನ್ನುವುದೇ ಇಲ್ಲ. ನನ್ನ ಪ್ರಕಾರ ಇದರ ಪೂರ್ತಿ ಸೊಗಸು ಇರುವುದು ಇಲ್ಲೇ. 12 ಬೋರ್ ಹೊಡೆಯುವಾಗ ಪೆಟ್ಟು ಬರುತ್ತದೆ ಅಂತ ಮೈಗೆ ಮೊದಲೇ ಗೊತ್ತಿರುತ್ತದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ. ಗುರಿ ತಪ್ಪಿದರೆ ಕೋವಿಯ ಮೇಲೆ ಹಾಕಿ ಸುಮ್ಮನಾಗಬಹುದು. ಪಾಯಿಂಟ್ 22 ನಿಮಗೆ ಆ ನೆಪ ಕೊಡುವುದಿಲ್ಲ. ಪೆಟ್ಟಿಲ್ಲ, ಹೊಗೆಯಿಲ್ಲ, ಕಿವಿಗಡಚಿಕ್ಕುವ ಸದ್ದಿಲ್ಲ. ಉಳಿಯುವುದು ನಿಮ್ಮ ಉಸಿರು, ನಿಮ್ಮ ಬೆರಳು, ನಿಮ್ಮ ಕಣ್ಣು. ಉಸಿರು ಅರ್ಧ ಬಿಟ್ಟು ನಿಲ್ಲಿಸಬೇಕು. ಬೆರಳು ಟ್ರಿಗರನ್ನು ಎಳೆಯಬಾರದು, ನಿಧಾನಕ್ಕೆ ಒತ್ತುತ್ತಾ ಹೋಗಬೇಕು. ಗುಂಡು ಹೋದ ಮೇಲೂ ಒಂದು ಕ್ಷಣ ಹಾಗೇ ಇರಬೇಕು, ತಲೆ ಎತ್ತಬಾರದು. ಸ್ವಲ್ಪ ಅವಸರ ಮಾಡಿದರೂ ಗುರಿಯ ಕಾಗದದ ಮೇಲೆ ಗೊತ್ತಾಗುತ್ತದೆ.

ನನ್ನ ಮಗಳು ಕಲಿತದ್ದು ಇದರಲ್ಲೇ. ಅವಳಿಗೆ ನಾನು ಮೊದಲು ಹೇಳಿಕೊಟ್ಟದ್ದು ಗುರಿಯನ್ನಲ್ಲ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಕಬ್ಬಿಣದ ತುಂಡು) ತೆಗೆದು ಒಳಗೆ ತೋಟಾ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡುವುದನ್ನು. ಕೈಗೆ ಬಂದಾಗಲೆಲ್ಲ, ಕೊಟ್ಟವರು ಅಪ್ಪನೇ ಆಗಿದ್ದರೂ, ತೆಗೆದು ನೋಡಬೇಕು. ಈಗ ಅವಳು ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಹೇಳಿಕೊಳ್ಳಲು ನನಗೆ ತುಂಬಾ ಹೆಮ್ಮೆ.

ಕೊಡಗಿನ ಹೊರಗಿನವರಲ್ಲೂ ಇದರ ರುಚಿ ಗೊತ್ತಿರುವವರು ಬಹಳ ಮಂದಿ ಇದ್ದಾರೆ. ಎನ್‌ಸಿಸಿ ಕ್ಯಾಂಪ್‌ಗೆ ಹೋದವರನ್ನು ಕೇಳಿ. ಮಲಗಿಕೊಂಡು ಐದು ಗುಂಡು ಹೊಡೆದದ್ದು, ಆಮೇಲೆ ಆ ಐದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಅಂತ ಅಳೆದದ್ದು ಅವರಿಗೆ ಇವತ್ತಿಗೂ ನೆನಪಿರುತ್ತದೆ. ಅದು ಪಾಯಿಂಟ್ 22 ರೈಫಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರಲ್ಲ, ಅವರು ಹೊಡೆದದ್ದೂ ಇದೇ ಅಳತೆಯ ತೋಟಾ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಮಾತ್ರ. ನಮ್ಮ ಕಿರುಬೆರಳಿನ ಉಗುರಿನಷ್ಟು ಜಾಗ, 50 ಮೀಟರ್ ದೂರದಲ್ಲಿ. ಅವರ ರೈಫಲ್ ಬೆಲೆಯಲ್ಲಿ ನಮ್ಮಂಥವರ ರೈಫಲ್ ಎಷ್ಟೋ ಬರುತ್ತವೆ, ನಿಜ. ಆದರೆ ತೋಟಾ ಒಂದೇ, ಉಸಿರಿನ ಲೆಕ್ಕವೂ ಒಂದೇ.

ನಮ್ಮೂರುಗಳಲ್ಲಿ ಕಾಗದದ ಬದಲು ತೆಂಗಿನಕಾಯಿ. ಕೈಲ್‌ಪೊಳ್ದ್ ದಿನ ಬೆಳಿಗ್ಗೆ ಪೂಜೆ, ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮತ್ತು ಪಂದಿ ಕರಿ (ಹಂದಿ ಸಾರು), ಆಮೇಲೆ ಊರಿನ ಮೈದಾನ. ಹಬ್ಬದ ದಿನಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. 12 ಬೋರ್ ಬೇರೆ, ಪಾಯಿಂಟ್ 22 ಬೇರೆ, ಏರ್‌ಗನ್ ಬೇರೆ. ಹೆಂಗಸರೂ ಹೊಡೆಯುತ್ತಾರೆ, ಕಾಲೇಜಿನ ಹುಡುಗರೂ ಹೊಡೆಯುತ್ತಾರೆ, ಎಪ್ಪತ್ತು ದಾಟಿದ ಮಾಮಂದಿರು ಕನ್ನಡಕ ಒರೆಸಿಕೊಂಡು ಬಂದು ಹೊಡೆಯುತ್ತಾರೆ. ಬೇರೆ ಯಾವ ಆಟದಲ್ಲಿ ಇಂಥ ವಯಸ್ಸಿನ ಅಂತರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ, ಹೇಳಿ?

ಇನ್ನು ರೈಫಲ್ ಬಗ್ಗೆ. ನಮ್ಮ ಮನೆಯದು ಜೆಕೊಸ್ಲೊವಾಕಿಯಾದ ಬ್ರನೋ ಕಂಪನಿಯ ಹಳೆ ರೈಫಲ್. ಬೋಲ್ಟ್ ಆಕ್ಷನ್, ಐದು ತೋಟಾದ ಮ್ಯಾಗಜಿನ್, ವಾಲ್‌ನಟ್ ಮರದ ಹಿಡಿ. ಅಜ್ಜನ ಕಾಲದಲ್ಲಿ ಬಂದದ್ದು. ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯ ಜನ ವಿದೇಶಿ ಬಂದೂಕು ತರಿಸುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಹಾಗಾಗಿ ಇಂಥ ರೈಫಲ್ ಇರುವವರು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಮ್ಮದೇ ದೇಶದ್ದು ಬೇಕು ಅಂದರೆ ಬಂಗಾಳದ ಇಶಾಪುರ ಕಾರ್ಖಾನೆಯ ಪಾಯಿಂಟ್ 22 ಸ್ಪೋರ್ಟಿಂಗ್ ರೈಫಲ್ ಇದೆ. ಮುಟ್ಟಿದರೆ ಬ್ರನೋದ ನಯ ಇಲ್ಲ, ಆದರೆ ಗಟ್ಟಿ.

ಇದರಲ್ಲಿ ಕೆಡುವಂಥದ್ದು ತುಂಬಾ ಕಡಿಮೆ. ನಮ್ಮ ಮಳೆಗಾಲವೊಂದೇ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಕಬ್ಬಿಣ ಬಿಡುತ್ತದೆಯೇ? ವಾರಕ್ಕೊಮ್ಮೆ ತೆಗೆದು ಎಣ್ಣೆ ಬಟ್ಟೆಯಲ್ಲಿ ಒರೆಸಬೇಕು. ಚರ್ಮದ ಚೀಲದಲ್ಲಿ ಇಟ್ಟು ಮರೆತರೆ ತುಕ್ಕು ಖಂಡಿತ. ನಳಿಗೆಯ ಒಳಗೆ ಮಾತ್ರ ಸುಮ್ನೆ ದಿನಾ ಗಜ (ಉಜ್ಜುವ ಕೋಲು) ಹಾಕಿ ಉಜ್ಜಬೇಡಿ. ಸೀಸದ ಗುಂಡಿಗೆ ಮೇಣದ ಲೇಪ ಇರುತ್ತದೆ, ನಳಿಗೆ ಸವೆಯುವುದಿಲ್ಲ. ಸವೆಯುವುದು ಒರಟಾಗಿ ಉಜ್ಜುವುದರಿಂದಲೇ ಜಾಸ್ತಿ. ಇನ್ನೊಂದು ಮಾತು: ತೋಟಾ ಇಲ್ಲದೆ ಖಾಲಿ ಟ್ರಿಗರ್ ಒತ್ತಬೇಡಿ. ಹಳೆ ರೈಫಲ್‌ಗಳಲ್ಲಿ ಪಿನ್ನು ನೇರ ನಳಿಗೆಯ ಅಂಚಿಗೇ ಬಡಿದು ಗುಳಿ ಬೀಳಬಹುದು. ಹಳೆಯದು ಕೊಳ್ಳುವವರು ಮೊದಲು ಟಾರ್ಚ್ ಹಾಕಿ ಆ ಜಾಗ ನೋಡಬೇಕು. ಒತ್ತಿದರೂ ತೋಟಾ ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ಅಂಚಿನೊಳಗೆ ಮದ್ದು ಸಮನಾಗಿ ಹರಡದಿದ್ದರೆ ಹೀಗೆ ಆಗುತ್ತದೆ.

ಇದನ್ನು ಆಟಿಕೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸದ್ದು ಚಿಕ್ಕದು ಅಷ್ಟೇ. ನಳಿಗೆ ಎತ್ತಿ ಹೊಡೆದರೆ ಗುಂಡು ಒಂದು ಮೈಲಿಗಿಂತ ಜಾಸ್ತಿ ಹೋಗುತ್ತದೆ. ಕಾಫಿ ತೋಟದಲ್ಲಿ ಗಿಡದ ಮರೆಯಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಕಾಣಿಸುವುದಿಲ್ಲ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದಿದ್ದರೆ ಹೊಡೆಯಲೇಬಾರದು. ಕಲ್ಲು, ನೀರು ಎರಡೂ ಗುಂಡನ್ನು ಬೇರೆ ದಿಕ್ಕಿಗೆ ತಿರುಗಿಸುತ್ತವೆ. ದೂರ ಹೋದಂತೆ ಗುಂಡು ಬಹಳ ಇಳಿಯುತ್ತದೆ ಕೂಡ. 50 ಮೀಟರ್‌ಗೆ ಸೈಟ್ ಹೊಂದಿಸಿದ ರೈಫಲ್‌ನಲ್ಲಿ 100 ಮೀಟರ್‌ಗೆ ಹೊಡೆದರೆ ಸುಮಾರು ಒಂದು ಗೇಣು ಕೆಳಗೆ ತಗುಲುತ್ತದೆ. ಅದನ್ನು ಲೆಕ್ಕ ಹಾಕಿ ಹೊಡೆಯುವುದೂ ಒಂದು ಖುಷಿ, ಆದರೆ ಜಾಗ ಸರಿಯಾಗಿದ್ದರೆ ಮಾತ್ರ.

ಬೇಟೆಯ ಮಾತು ನೀವೇ ಎತ್ತಿದ್ದೀರಿ. 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಬಂದ ಮೇಲೆ ಆ ಪ್ರಶ್ನೆಯೇ ಇಲ್ಲ. ಕಾಡು ಹಕ್ಕಿ, ಮೊಲಕ್ಕೆ ಇದನ್ನು ಎತ್ತುವವರು ಇದ್ದರೆ ಅವರು ನಮ್ಮ ಹೆಸರು ಕೆಡಿಸುತ್ತಾರೆ. ನನಗಂತೂ ಬೇಟೆ ಇಲ್ಲದೆ ಈ ರೈಫಲ್‌ನ ಬೆಲೆ ಒಂದು ಚೂರೂ ಕಡಿಮೆಯಾಗಿಲ್ಲ.

ಕಾನೂನು ಸ್ವಲ್ಪ ತಿಳಿದಿರಲಿ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಇದರ ಮೂಲ 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶ. ಈಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರ ಮೇಲೆ ಊರಿನ ಹೊರಗೆ ದೊಡ್ಡ ಚರ್ಚೆ ಇದೆ, ಗೊತ್ತು. ವಿನಾಯಿತಿ ಉಳಿಯಬೇಕಾದರೆ ನಾವೇ ಎಲ್ಲರಿಗಿಂತ ಜಾಸ್ತಿ ಶಿಸ್ತಿನಿಂದ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇರೆಯವರಿಗೆ ಲೈಸೆನ್ಸ್ ಬೇಕೇ ಬೇಕು. 2019ರ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ಆದರೆ ಆಯುಧ ಕಾಯ್ದೆಯಲ್ಲೇ ಪಾಯಿಂಟ್ 22ಕ್ಕೆ ಒಂದು ಬೇರೆ ಜಾಗ ಇದೆ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್‌ಗೆ, ಏರ್ ರೈಫಲ್‌ಗೆ ಈ ಎರಡರ ಮಿತಿ ಅನ್ವಯಿಸುವುದಿಲ್ಲ.

ಹಾಗಾಗಿ ನಿಮಗೆ ಆಸೆ ಇದ್ದರೆ ಕೊಳ್ಳುವ ಯೋಚನೆ ಆಮೇಲೆ ಮಾಡಿ. ಬೆಂಗಳೂರಿನ ಕಡೆಯವರಾದರೆ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್‌ನಲ್ಲಿ ವಿಚಾರಿಸಿ. ಮೊದಲು ಏರ್ ರೈಫಲ್‌ನಲ್ಲಿ ಕೈ ಕೂರಲಿ, ಆಮೇಲೆ ಪಾಯಿಂಟ್ 22. ಸೆಪ್ಟೆಂಬರ್‌ನಲ್ಲಿ ಕೊಡಗಿಗೆ ಬರುವುದಾದರೆ ಸ್ಥಳೀಯ ಪತ್ರಿಕೆಗಳಲ್ಲಿ ತೆಂಗಿನಕಾಯಿ ಸ್ಪರ್ಧೆಯ ಸುದ್ದಿ ಬಂದಿರುತ್ತದೆ, ನೋಡಿಕೊಂಡು ಬನ್ನಿ. ಕೆಲವು ಊರುಗಳಲ್ಲಿ ಸ್ಪರ್ಧೆ ಎಲ್ಲರಿಗೂ ಮುಕ್ತ. ಹೆಸರು ಕೊಟ್ಟು ಸಾಲಿನಲ್ಲಿ ನಿಂತರೆ ಆಯಿತು. ಹೊಡೆಯುವುದು ಹೇಗೆ ಅಂತ ಹೇಳಿಕೊಡಲು ಪಕ್ಕದಲ್ಲಿ ಯಾರಾದರೂ ಹಿರಿಯರು ಇದ್ದೇ ಇರುತ್ತಾರೆ.